ಕೊಪ್ಪೆಯ ಎಂಟನೆಯ ಸಾವು

"ಆ ಒಂದು ಮಾತು ಬುಟ್ಟು ಇನ್ನೇನ್ ಬೇಕಾದ್ರೂ ಏಳ್ತೀನಿ, ಮೇಷ್ಟ್ರೇ," ಎಂದು ಹೊನ್ನಪ್ಪ ಇಡ್ಲಿಯ ತಟ್ಟೆಯನ್ನು ಕೆಳಗಿಟ್ಟು ಎರಡು ಕೈಯನ್ನೂ ಜೋಡಿಸಿದ.

ಒಂದೇ ಮಾತು. ಹಾಳೆಯ ಕೊನೆಯಲ್ಲಿ ರಘುನಂದನ ಅದನ್ನು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದ: 'ಹೋಯ್ತೀನಿ.'

"ಹೇಳೋದು ಸಾಯೋನು ತಾನೆ? ನೀವಲ್ಲವಲ್ಲ."

"ಬಾಯಿ ನಂದಲ್ವಾ?"

ರಘುನಂದನ ಕೆರೆಯ ಕಡೆ ತಿರುಗಿದ. ತೊಣ್ಣೂರು ಕೆರೆಯ ಮೇಲೆ ಹತ್ತು ಗಂಟೆಯ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸಿನಿಮಾದ ಪರದೆಯ ಮೇಲೆ ಇದೇ ಅಮಾವಾಸ್ಯೆಯ ರಾತ್ರಿ. ಈಗ ಹಗಲನ್ನು ಕಂಪ್ಯೂಟರಿನಲ್ಲಿ ರಾತ್ರಿ ಮಾಡುತ್ತಾರಂತೆ. ಅವನು ನಾಗಮಂಗಲದಿಂದ ಮೊದಲ ಬಸ್ಸಿಗೆ ಬಂದಿದ್ದ. ಕಾಲೇಜಿಗೆ ಕೊಟ್ಟ ರಜೆಯ ಅರ್ಜಿಯಲ್ಲಿ 'ವೈಯಕ್ತಿಕ ಕಾರಣ' ಎಂದು ಬರೆದು, ಬರೆದ ಮೇಲೆ ಆ ಪದವನ್ನೇ ಬಹಳ ಹೊತ್ತು ನೋಡಿದ್ದ.

ಇಪ್ಪತ್ತೊಂದು ವರ್ಷದ ಹಿಂದೆ ಇದೇ ಕೆರೆ, ಇದೇ ಹೊನ್ನಪ್ಪ. ಕಿಕ್ಕೇರಿ ಕಡೆಯ ನಾಟಕಗಳಲ್ಲಿ ಭೀಮನಾಗುತ್ತಿದ್ದ ಆರಡಿಯ ಆಳು. 'ಕೊಪ್ಪೆ' ಎಂಬ ಆ ಚಿತ್ರದ ಕಥೆ, ಮಾತು ಎರಡೂ ರಘುನಂದನನವು. ರೈತರು ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುವ ಗೋಣಿಯ ಕೊಪ್ಪೆಯನ್ನು ಗಲ್ಲದವರೆಗೂ ಎಳೆದುಕೊಂಡು, ಕಣ್ಣಿಗೆ ಎರಡು ತೂತು ಮಾಡಿಕೊಂಡು, ಕಬ್ಬು ಕಡಿಯುವ ಮಚ್ಚಿನಿಂದ ಆಲೆಮನೆಯ ಜನರನ್ನು ಒಬ್ಬೊಬ್ಬರಾಗಿ ಮುಗಿಸುವ ಕೂಲಿಯಾಳಿನ ಕಥೆ ಅದು. ಕಡೆಗೆ ಅವನು ಕೆರೆಗೆ ಇಳಿದು, ಎದೆಮಟ್ಟದ ನೀರಿನಲ್ಲಿ ಊರಿನ ಕಡೆ ತಿರುಗಿ, 'ಹೋಯ್ತೀನಿ' ಎಂದು ಮುಳುಗಬೇಕಿತ್ತು. ಈ ಸೀಮೆಯಲ್ಲಿ ಬದುಕಿರುವ ಯಾರೂ ಹೊಸಿಲು ದಾಟುವಾಗ ಆ ಮಾತನ್ನು ಆಡುವುದಿಲ್ಲ. ಸಂತೆಗೆ ಹೊರಟವರೂ 'ಬತ್ತೀನಿ' ಎಂದೇ ಹೊರಡುತ್ತಾರೆ. ಆದ್ದರಿಂದಲೇ ಅದು ಸಾವಿನ ಮಾತಾಗಬಲ್ಲುದು ಎಂದು ರಘುನಂದನ ಎಣಿಸಿದ್ದ.

ಕೊಪ್ಪೆ ತೊಟ್ಟಿದ್ದ ಹೊನ್ನಪ್ಪ ರೂಢಿಯಂತೆ 'ಬತ್ತೀನಿ' ಎಂದು ಮುಳುಗಿದ. ಬೆಳಕು ಹೋಗಿತ್ತು, ಎರಡನೆಯ ಸಲ ತೆಗೆಯಲಿಲ್ಲ. ಆಮೇಲೆ ದನಿ ಕೂಡಿಸುವಾಗಲೂ ಅದೇ ಉಳಿಯಿತು. ಆ ದಿನ ರಘುನಂದನ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕನಾಗಿದ್ದ. ತಪ್ಪನ್ನು ಅವನು ಮೊದಲು ಕೇಳಿದ್ದು ಕೆ.ಆರ್. ಪೇಟೆಯ ಟಾಕೀಸಿನಲ್ಲಿ, ಕಿವಿಗಡಚಿಕ್ಕುವ ಶಿಳ್ಳೆಯ ನಡುವೆ.

ಬತ್ತೀನಿ ಎಂದವನು ಬರಲೇಬೇಕಲ್ಲ. ಬಂದ.

ಎರಡನೆಯ ಭಾಗದಲ್ಲಿ ಬಂದದ್ದಕ್ಕೆ ಒಂದು ಕಾರಣವಾದರೂ ಇತ್ತು. ಮೂರನೆಯದರಲ್ಲಿ ಅವಳಿ ತಮ್ಮನೊಬ್ಬ ಹುಟ್ಟಿಕೊಂಡ. ನಾಲ್ಕನೆಯದನ್ನು 'ಕೊನೆಯ ಭಾಗ' ಎಂದು ಸಾರಿದರು. ಐದನೆಯದನ್ನೂ ಹಾಗೆಯೇ ಸಾರಿದರು. ನಂತರದ್ದರಲ್ಲಿ ಕೊಪ್ಪೆ ಬೆಂಗಳೂರಿನ ಮಾಲೊಂದರಲ್ಲಿ ಮಚ್ಚು ಹಿಡಿದು, ಚಲಿಸುವ ಮೆಟ್ಟಿಲಿನ ಮೇಲೆ ನಿಂತಲ್ಲೇ ನಿಂತು ಗಂಭೀರವಾಗಿ ಮೇಲಕ್ಕೆ ಹೋದ. ಜನ ನಕ್ಕರು. ಕಳೆದ ಬಾರಿ ಕುಣಿದ. ಪ್ರತಿ ಸಲವೂ 'ಮೂಲ ಕಥೆ: ರಘುನಂದನ್' ಎಂಬ ಅಕ್ಷರಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತರಗತಿಯಲ್ಲಿ ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳುತ್ತಿರುವಾಗ ಹಿಂದಿನ ಬೆಂಚಿನಿಂದ ಗೊಗ್ಗರು ದನಿಯಲ್ಲಿ 'ಬತ್ತೀನಿ' ಕೇಳಿಸುತ್ತಿತ್ತು. ಅವನು ಬೋರ್ಡಿನಿಂದ ತಿರುಗುತ್ತಿರಲಿಲ್ಲ.

ಅವನೊಂದು ಕಾದಂಬರಿ ಆರಂಭಿಸಿದ್ದ. ಹನ್ನೊಂದನೆಯ ಪುಟದಲ್ಲಿ ಒಬ್ಬ ಹೆಂಗಸು ಬಾಗಿಲು ತೆರೆಯಬೇಕಿತ್ತು. ಎಷ್ಟೋ ವರ್ಷದಿಂದ ಅವಳ ಕೈ ಚಿಲಕದ ಮೇಲೆಯೇ ಇತ್ತು. ಆಚೆ ನಿಂತಿರುವವನು ಯಾರೆಂದು ಅವನಿಗೆ ಗೊತ್ತಿತ್ತು. ಆ ಕೊಪ್ಪೆ ಸತ್ತ ಹೊರತು ಅವನು ಇನ್ನೊಂದು ಸಾಲು ಬರೆಯಲಾರ. ಅದಕ್ಕಾಗಿಯೇ ಎಂಟನೆಯ ಭಾಗದ ಕಡೆಯ ದೃಶ್ಯಕ್ಕೆ ಒಪ್ಪಿಕೊಂಡಿದ್ದ. ಷರತ್ತು ಒಂದೇ. ಆ ಮಾತನ್ನು ಕೆರೆಯಲ್ಲೇ, ಎಲ್ಲರೆದುರಿಗೆ ಆಡಬೇಕು, ಆಡಿದ್ದೇ ಚಿತ್ರದಲ್ಲಿ ಉಳಿಯಬೇಕು.

"ಏನಂತಾರೆ ಸರ್ ನಮ್ಮ ಲೆಜೆಂಡು?" ಎನ್ನುತ್ತ ನಿರ್ದೇಶಕ ನಾಗಾರ್ಜುನ ಬಂದ. ಈಗಷ್ಟೇ ಮೂವತ್ತು ದಾಟಿದವನು. ಅವನ ಬನಿಯನ್ನಿನ ಎದೆಯ ಮೇಲೆ ದಪ್ಪಕ್ಷರದಲ್ಲಿ 'ಬತ್ತೀನಿ' ಎಂದಿತ್ತು.

"ಹೇಳೋದಿಲ್ಲವಂತೆ."

"ಮುಖ ಕಾಣಲ್ಲವಲ್ಲ ಸರ್. ಡಬ್ಬಿಂಗಲ್ಲಿ ನೋಡ್ಕೊಳ್ಳೋಣ."

"ಮಾತಾಗಿದೆ, ನಾಗಾರ್ಜುನ್. ಇಲ್ಲೇ ಅಂತ."

"ಖಂಡಿತ ಸರ್, ಖಂಡಿತ." ಅವನು ಕೆರೆಯ ಕಡೆ ನೋಡಿದ. "ಒಂದು ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ. ಮೊದಲನೇದನ್ನ ನಾನು ಐದನೇ ಕ್ಲಾಸಲ್ಲಿ ನೋಡಿದ್ದು. ಆ ಲೈನಿಗೇ ನಾನು ಈ ಫೀಲ್ಡಿಗೆ ಬಂದೆ. ನೀವು ಬರೆದದ್ದರಲ್ಲೇ ಬೆಸ್ಟ್ ಅದು. ಅದನ್ನೇ ನೀವು ತೆಗೀರಿ ಅಂದ್ರೆ..."

ಅದನ್ನು ತಾನು ಬರೆದಿಲ್ಲ ಎಂದು ಹೇಳಲು ಇದು ಸರಿಯಾದ ಸಮಯ. ಇಪ್ಪತ್ತೊಂದು ವರ್ಷದಲ್ಲಿ ಅಂಥ ಸಮಯ ಎಷ್ಟೋ ಬಂದಿತ್ತು. ಮಂಡ್ಯದ ಸನ್ಮಾನದಲ್ಲಿ ಶಾಲು ಹೊದಿಸಿಕೊಂಡಾಗ ಬಂದಿತ್ತು.

"ಥ್ಯಾಂಕ್ಸ್," ಎಂದ.

ಮರದ ನೆರಳಿನಲ್ಲಿ ವೇಷಭೂಷಣದ ಹಫೀಜ್ ಹರಿದ ಕೊಪ್ಪೆಯನ್ನು ದಬ್ಬಳದಿಂದ ಹೊಲಿಯುತ್ತಿದ್ದ. ಶ್ರೀರಂಗಪಟ್ಟಣದವನು; ಎಂಟೂ ಭಾಗಗಳ ಕೊಪ್ಪೆ ಹೊಲಿದ ಕೈ ಅವನದೇ.

"ನಮ್ಮೋರಲ್ಲೂ ಹೊರಡುವಾಗ 'ಜಾತೂಂ', ಹೋಗ್ತೀನಿ ಅನ್ನಲ್ಲ, ಸಾಬ್," ಎಂದ, ಯಾರೂ ಕೇಳದೆಯೇ. "'ಆತೂಂ', ಬರ್ತೀನಿ ಅಂತೀವಿ. ಹೋಗೋನೂ ಬರೋನೇ. ಇನ್ನೊಂದು ಅಂದ್ರೆ ನಮ್ಮ ಅಮ್ಮಿ ಚಪ್ಪಲಿ ತಗೊಳ್ತಾರೆ."

"ನಿಮ್ಮ ಅಮ್ಮಿ ಸಿನಿಮಾ ನೋಡ್ತಾರಾ?"

"ಇದನ್ನಾ? ಮೂರನೇದರ ಮ್ಯಾಲೆ ನಾನೇ ನೋಡಿಲ್ಲ, ಸಾಬ್."

ಹೊನ್ನಪ್ಪ ಹೊಟ್ಟೆ ಕುಲುಕಿಸಿ ನಕ್ಕ. ಅವರಿಬ್ಬರೂ ನಗುವಾಗ ರಘುನಂದನನಿಗೆ ತಾನು ಯಾವುದೋ ಮನೆಯ ಜಗಲಿಯ ಮೇಲೆ ಯಜಮಾನನಿಗಾಗಿ ಕಾಯುತ್ತಿರುವವನಂತೆ ಅನ್ನಿಸಿತು.

ಆಗ ಹೊನ್ನಪ್ಪನ ಫೋನು ಬಡಿದುಕೊಂಡಿತು. ಅವನು ಎದ್ದು ನಿಂತು ಮಾತಾಡಿದ. "ಯಾವಾಗ ಅಂದ್ರು? ... ಈಗ್ಲೇನವ್ವ? ... ಸೈನು ನಾನೇ ಆಕ್ಬೇಕಾ?" ಮಾತು ಮುಗಿಸಿದಾಗ ಅವನ ಮುಖ ಸಣ್ಣದಾಗಿತ್ತು.

"ಮಗ್ಳು ಪವಿತ್ರ. ಅವ್ರವ್ವ ಬೆಟ್ಟಮ್ಮನ್ನ ಮೈಸೂರಾಸ್ಪತ್ರೇಲಿ ಮಡಗಿದ್ವಲ್ಲ, ಇವತ್ತೇ ಕುಯ್ತಾರಂತೆ. ನಾಳೀಕೆ ಅಂದಿದ್ರು." ಅವನು ರಘುನಂದನನನ್ನು ನೇರವಾಗಿ ನೋಡಿದ. "ಈಗ್ಲಾದ್ರೂ ಗೊತ್ತಾಯ್ತಾ ಮೇಷ್ಟ್ರೇ? ಎಂಡ್ರು ಅಂಗ್ ಮನ್ಗಿರ್ವಾಗ ನೀರಲ್ಲಿ ನಿಂತ್ಕಂಡು ಆ ಮಾತು ಎಂಗ್ಲಾ ಆಡ್ಲಿ?"

ಓರಗೆಯವರನ್ನು ಕರೆಯುವ ಆ 'ಲಾ' ಅವನಿಗರಿವಿಲ್ಲದೆ ಬಂದದ್ದು. ಅದರಲ್ಲಿ ಅವಮಾನವಿರಲಿಲ್ಲ.

ಹೊನ್ನಪ್ಪ ಚಪ್ಪಲಿ ಮೆಟ್ಟಿಕೊಂಡ. "ಬತ್ತೀನಿ ಮೇಷ್ಟ್ರೇ."

ಹೇಳಿ ನಿಂತ. 'ಹೋಗ್ಬುಟ್ಟು ಬನ್ನಿ' ಎಂಬ ಮರುಮಾತಿಗೆ ಕಾದ. ರಘುನಂದನ ಹಾಳೆಯ ಮೇಲಿನ ಕೆಂಪು ಅಡಿಗೆರೆಯನ್ನು ನೋಡುತ್ತಿದ್ದ. "ಹೂಂ," ಎಂದ. ಹೊನ್ನಪ್ಪ ಇನ್ನೂ ಒಂದು ಗಳಿಗೆ ನಿಂತು ನೋಡಿ, ಟೆಂಪೋ ಹತ್ತಿದ.

ನಾಗಾರ್ಜುನ ತಲೆ ಕೆರೆದುಕೊಂಡ. ಕೆರೆಯನ್ನು ನೋಡಿದ. ಸೂರ್ಯನನ್ನು ನೋಡಿದ. ಆಮೇಲೆ ರಘುನಂದನನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಸರ್, ನಿಮ್ಮ ಎತ್ತರ ಎಷ್ಟು?"

ರಘುನಂದನ ಹಾಳೆಯನ್ನು ಮಡಿಸಿ ಜೇಬಿಗಿಟ್ಟ. ಇಷ್ಟು ವರ್ಷ ಇದು ತನಗೆ ಹೊಳೆಯಲೇ ಇಲ್ಲವಲ್ಲ! ಮಾತು ತನ್ನದು, ಬಾಯಿಯೂ ತನ್ನದೇ ಆಗಬಹುದು.

"ಕೊಡಿ ಇಲ್ಲಿ," ಎಂದ.

ಹಫೀಜ್ ಕೊಪ್ಪೆಯನ್ನು ತೊಡಿಸಿ ಗಲ್ಲದ ಕೆಳಗೆ ಹುರಿಯ ಗಂಟು ಬಿಗಿದ. ಒಳಗೆ ಹಳೆಯ ಬೆಲ್ಲದ, ಬೇರೊಬ್ಬನ ಬೆವರಿನ ವಾಸನೆ. ಏರಿಯ ಮೇಲೆ ಊರ ಜನ ಸೇರಿದ್ದರು.

"ಈವಯ್ಯನಾ ಕೊಪ್ಪೆ?" ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಕೂಗಿದಳು. "ಗಾಳಿ ಬಂದ್ರೆ ಬಿದ್ದೋಯ್ತನೆ ಕಣಮ್ಮಿ! ಮೊದ್ಲಿನೋನೇ ವಾಸಿ!"

"ಎಂಟ್ನೇದು ಕಣಜ್ಜಿ," ಎಂದ ಯಾರೋ. "ಇಷ್ಟೇ ಸಿಕ್ಕದು."

ಅವನು ನೀರಿಗಿಳಿದ. ಮೈಕು ಹಿಡಿದವನು ಹರಿಗೋಲಿನಲ್ಲಿ ಪಕ್ಕಕ್ಕೆ ಬಂದ. ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂತು. ತಿರುಗಿದ. ಎರಡು ತೂತಿನಲ್ಲಿ ದಡ ಎರಡು ತುಂಡಾಗಿ ಕಂಡಿತು. ಗಾಳಿ ನಿಂತಿತ್ತು. ಅವನು ಉಸಿರು ತುಂಬಿಕೊಂಡು ಬಾಯಿ ತೆರೆದ.

"ಬತ್ತೀನೀ!"

ಏರಿಗೆ ಏರಿಯೇ ಒಕ್ಕೊರಲಿನಲ್ಲಿ ಕೂಗಿತು. ಟಾಕೀಸಿನಲ್ಲಿ ಕೂಗುವಂತೆಯೇ, ಅವನಿಗಿಂತ ಅರೆಗಳಿಗೆ ಮೊದಲು. ಶಿಳ್ಳೆಗಳು ನೀರಿನ ಮೇಲೆ ಚಿಮ್ಮಿದವು. ಅವನು ಮುಳುಗಿದ. ಕೆಳಗೆ ಏನೂ ಕೇಳಿಸಲಿಲ್ಲ. ಎದ್ದ.

"ಕಟ್! ಸರ್, ಜನದ ದನಿ ಸೇರ್ಕೊಂಡ್ಬಿಡ್ತು. ನೀವೇನಂದ್ರಿ?"

ಏನಂದೆ? ಅಂದದ್ದು ನಿಜ. ನಾಲಗೆ ಹೊರಳಿದ್ದು ನೆನಪಿದೆ. ಯಾವ ಅಕ್ಷರಕ್ಕೆ ಹೊರಳಿತು?

"ನಂಗೂ ಬತ್ತೀನಿ ಅಂತ್ಲೇ ಕೇಳುಸ್ತು ಸಾ," ಎಂದ ಹರಿಗೋಲಿನ ಮೈಕಿನವನು, ಕಿವಿಯ ಹೆಡ್‌ಫೋನು ಸರಿಪಡಿಸಿಕೊಳ್ಳುತ್ತ.

"ಒನ್ ಮೋರ್! ಮೊದಲಿನ ಜಾಗಕ್ಕೆ ಬನ್ನಿ, ಸರ್!"

ನೆನೆದ ಗೋಣಿ ಮುಖಕ್ಕೆ ಅಂಟಿಕೊಂಡಿತ್ತು. ಕಣ್ಣಿನ ತೂತುಗಳು ಕಿವಿಯ ಕಡೆಗೆ ಸರಿದುಹೋಗಿದ್ದವು. ಗಲ್ಲದ ಕೆಳಗಿನ ಹುರಿ ನೆನೆದು ಬಿಗಿದು, ಗಂಟು ಬೆರಳಿಗೆ ಸಿಗಲಿಲ್ಲ. ಶಬ್ದ ನೀರಿನ ಮೇಲೆ ಎಲ್ಲ ಕಡೆಯಿಂದಲೂ ಬರುತ್ತಿತ್ತು. ದಡ ಯಾವ ದಿಕ್ಕಿಗೆಂದು ತಿಳಿಯದೆ ಅವನು ಒಂದು ಹೆಜ್ಜೆ ಇಟ್ಟ. ನೀರು ಕಂಕುಳಿಗೆ ಬಂತು. ಉಸಿರೆಳೆದ. ಗೋಣಿ ಬಾಯೊಳಕ್ಕೆ ನುಗ್ಗಿತು. ಉಸಿರು ಬಿಟ್ಟ. ಗೋಣಿ ಉಬ್ಬಿ ಹೊರಬಂತು. ಮತ್ತೆ ಒಳಕ್ಕೆ, ಮತ್ತೆ ಹೊರಕ್ಕೆ.

ದೂರದ ಏರಿಯವರಿಗೆ ಅದು ಕೊಪ್ಪೆ ಬಾಯಿ ತೆರೆದು ಮುಚ್ಚಿದಂತೆ ಕಂಡಿರಬೇಕು. ಅವರು ಪ್ರತಿಯೊಂದು ಉಸಿರಿಗೂ ಎದ್ದು ನಿಂತು 'ಬತ್ತೀನೀ' ಎಂದು ಉತ್ತರ ಕೊಡುತ್ತಿದ್ದರು.