ಹುಣ್ಣಾದ ಮೇಲೆ ಬಾ

"ಏನಮ್ಮಾ, ಮಗನ್ನ ತಪಾಸಣೆಗೆ ತಂದ್ಯೋ, ಮದುವೆಗೆ ಹೊರಡಿಸ್ದ್ಯೋ?"

ಅಧಿಕಾರಿ ಹೀಗಂದಾಗ ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲೆ, ಗಾಲಿಕುರ್ಚಿಗಳಲ್ಲಿ ಸರದಿ ಕಾಯುತ್ತಿದ್ದ ನಮಗೆಲ್ಲ ಕೇಳಿಸಿತು. ಕೇಳಿಸಲಿ ಅಂತಲೇ ತೆರೆದಿಡುತ್ತಾನೆ. ನಮ್ಮಲ್ಲಿ ಅವನ ಹೆಸರು ಕತ್ತರಿ.

ಸರ್ಕಾರದ ಆರೋಗ್ಯ ವಿಮೆಯಲ್ಲಿ ವಿಶೇಷ ಆರೈಕೆ ಅಂತೊಂದಿದೆ. ಎದ್ದು ಓಡಾಡಲಾಗದವರ ಮನೆಗೆ ಹಗಲು ಹೊತ್ತು ಆಯಾ ಬರುತ್ತಾಳೆ. ಅದಕ್ಕೆ ನಾವು ವರ್ಷ ವರ್ಷ ಈ ಕಚೇರಿಗೆ ಬಂದು, ಹುಟ್ಟಿನಿಂದ ಬಾರದ ಕಾಲು ಈ ವರ್ಷವೂ ಬಂದಿಲ್ಲವೆಂದು ತೋರಿಸಿ ಹೋಗಬೇಕು. ಬಂದು ಬಂದು ನಾವೂ ಒಂದು ಮಡಿ ಕಲಿತಿದ್ದೇವೆ: ತಲೆ ಬಾಚಬಾರದು, ಗಡ್ಡ ತೆಗೆಯಬಾರದು, ಮೂಗು ಸುರಿದರೆ ಒರೆಸಬಾರದು. ಕತ್ತರಿಗೆ ವಾಕರಿಕೆ ಬಂದರೆ ಮಂಜೂರು. ನೀಟಾಗಿ ಬಂದವರು ನೆಟ್ಟಗೆ ಮನೆಗೆ.

ಈಗ ಒಳಗೆ ನಿಂತಿದ್ದ ಇಸ್ತ್ರಿಯಮ್ಮನಿಗೂ ಇದನ್ನು ಹೇಳಿದ್ದೆವು. ಲಾಂಡ್ರಿಯಲ್ಲಿ ದಿನವಿಡೀ ಕಂಡವರ ಬಟ್ಟೆಯ ಸುಕ್ಕು ತೆಗೆಯುವವಳು. ಮಗನ ಅಂಗಿತೋಳಿಗೆ ಗೆರೆ ಕೂರಿಸದಿದ್ದರೆ ಅವಳ ಕೈ ಸುಮ್ಮನಿರುವುದಿಲ್ಲ. ಮಗ ಮೀಸೆ ಬಂದವನು. ಕತ್ತು ಮಾತ್ರ ನಿಲ್ಲದು. ತಲೆ ಮುಂದಕ್ಕೆ ಬಿದ್ದರೆ ಉಸಿರು ಕಟ್ಟುತ್ತದೆ; ಕೂರಿಸಿದಾಗೆಲ್ಲ ಗದ್ದದಡಿ ಯಾರದಾದರೂ ಕೈ ಇರಲೇಬೇಕು. ಆಯಾ ಬಾರದಿದ್ದರೆ ಅವಳಿಗೆ ಲಾಂಡ್ರಿಯಿಲ್ಲ, ಲಾಂಡ್ರಿಯಿಲ್ಲದಿದ್ದರೆ ಒಲೆಯಿಲ್ಲ. ಆದರೂ, ನನ್ನ ಮಗನ್ನ ತಿಪ್ಪೆ ಮಾಡ್ಕೊಂಡು ಬರ್ಲಾ ಅಂತ ನಮ್ಮನ್ನೇ ಉಗಿದಿದ್ದಳು.

ಕತ್ತರಿ ಅಂಗಿಯ ಗೆರೆಯನ್ನು ಪೆನ್ನಿನ ತುದಿಯಿಂದ ಸವರಿದ. ಮಲಗಿ ಮಲಗಿ ಬೆನ್ನಲ್ಲಿ ಹುಣ್ಣಾಗಿದೆಯೇ ಅಂತ ಕೇಳಿದ. ಇಲ್ಲವೇ ಇಲ್ಲ, ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸುತ್ತೇವೆ ಅಂದಳು, ಹೆಮ್ಮೆಯಿಂದ.

"ಅಯ್ಯೋ ಮುಂಡೇದೆ, ಕೆಟ್ಯಲ್ಲೇ" ಎಂದು ಗಾಲಿಕುರ್ಚಿಯಲ್ಲಿದ್ದ ದರ್ಜಿ ನನ್ನ ಪಕ್ಕದಲ್ಲಿ ಹಣೆ ಚಚ್ಚಿಕೊಂಡ.

ಹುಣ್ಣಿಲ್ಲ, ನಾತವಿಲ್ಲ, ಮೈ ತುಂಬಿಕೊಂಡಿದ್ದಾನೆ; ಇವನಿಗೇಕೆ ಆಯಾ ಅಂತ ಕತ್ತರಿ ತೀರ್ಪು ಕೊಟ್ಟ. ಆಯಾ ಇರುವುದಕ್ಕೇ ಹುಣ್ಣಿಲ್ಲ ಅಂದಳು ಅವಳು. ಸರಿ, ಹುಣ್ಣಾದ ಮೇಲೆ ಬಾ, ಆಗ ನೋಡೋಣ ಅಂದ. ದರ್ಜಿ ಅದನ್ನೇ ಅವನ ಮೂಗುದನಿಯಲ್ಲಿ ಆಡಿ ತೋರಿಸಿದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಒಳಗೆ ಕತ್ತರಿ ಇನ್ನೂ ಮುಗಿಸಿರಲಿಲ್ಲ.

"ಬಿಟ್ಟಿ ಸಿಕ್ರೆ ಸಾಕು ನಿಮಗೆ. ಹೆತ್ತಿದ್ದು ನೀನು, ಹೊರೋದು ಸರ್ಕಾರಾನಾ? ಒಂದು ಮೂಲೇಲಿ ಕೂರಿಸಿ ಕೆಲ್ಸಕ್ಕೆ ಹೋಗು. ಏನು, ಓಡಿಹೋಗ್ತಾನಾ?"

ಇಸ್ತ್ರಿಯಮ್ಮ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಮಗನ ಕುರ್ಚಿಯನ್ನು ಮೇಜು ಸುತ್ತಿಸಿ ಕತ್ತರಿಯ ಮಗ್ಗುಲಿಗೆ ತಂದಳು. ಅವನ ಕೈಯಿಂದ ಪೆನ್ನು ಕಿತ್ತೆಸೆದು, ಆ ಕೈಯನ್ನು ಮಗನ ಗದ್ದದಡಿ ಒತ್ತಿ, ತನ್ನ ಕೈ ತೆಗೆದಳು. ತಲೆಯ ಭಾರವೆಲ್ಲ ಅವನ ಅಂಗೈಗೆ ಕುಸಿಯಿತು.

"ಅವ್ನು ಓಡಲ್ಲ. ನೀನೂ ಓಡ್ಬೇಡ, ಬೋಳೀಮಗನೆ. ಕೈ ತೆಗುದ್ರೆ ಉಸ್ರು ಕಟ್ಟುತ್ತೆ."

ಕತ್ತರಿ ಜವಾನನನ್ನು ಕೂಗಿದ. ದರ್ಜಿ ತನ್ನ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಉರುಳಿಸಿ ಬ್ರೇಕು ಹಾಕಿದ. ಅವನ ಹಿಂದೆ ನಾವೂ ಉರುಳಿದೆವು, ತೆವಳಿದೆವು. ಜವಾನ ನಮ್ಮಾಚೆ ನಿಂತು ಕೊಕ್ಕರೆಯಂತೆ ಕತ್ತು ಉದ್ದ ಮಾಡಿದ.

ಹೊಸ ಕೈಯ ಬಿಸಿಗೆ ಮಗ ಗಂಟಲಲ್ಲೇ ನಕ್ಕ. ಜೊಲ್ಲು ಕತ್ತರಿಯ ಮಣಿಕಟ್ಟಿನಿಂದ ಅಂಗಿತೋಳಿನೊಳಕ್ಕೆ ಇಳಿಯತೊಡಗಿತು. ಇಸ್ತ್ರಿಯಮ್ಮ ಒಂದೇ ನೆಗೆತದ ದೂರದಲ್ಲಿ ಗೋಡೆಗೊರಗಿ ನಿಂತಿದ್ದಳು, ಮಗನ ಎದೆ ಏರಿಳಿಯುವುದರಿಂದ ಕಣ್ಣು ಕೀಳದೆ.