ಕುಡಿಯದೆ ಬಿಟ್ಟ ಶರಬತ್ತು

ನಮ್ಮ ಯಜಮಾನರು ಮೂರು ಸಲ ವಿಧಾನಸಭೆಗೆ ನಿಂತರು, ಒಂದು ಸಲ ಗೆದ್ದರು. ಯಾರಾದರೂ ಕೇಳಿದರೆ, "ಮೂರರಲ್ಲಿ ಒಂದು, ಅಡ್ಡಿಯಿಲ್ಲ" ಎನ್ನುತ್ತಾರೆ. ನಮ್ಮ ಮಗ ಗಣಿತದಲ್ಲಿ ನೂರಕ್ಕೆ ಮೂವತ್ತಮೂರು ತಂದಾಗ ಅವನಿಗೆ ಬೆತ್ತ ತೋರಿಸಿದವರೂ ಇವರೇ.

ಊರಿಗೆ ಅವರು ಹೇಮರಾಜ ಪಡಿವಾಳರು. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದುಕೊಂಡು ಒಮ್ಮೆ ಬರೆದಿದ್ದೇನೆ, ಅಷ್ಟು ಸಾಕು. ನಾನು ರಾಜಮತಿ. ತವರು ಮೂಡುಬಿದಿರೆ, ಮನೆ ಗುರುವಾಯನಕೆರೆಯ ಹತ್ತಿರ.

ಐವತ್ತೆರಡರಲ್ಲಿ ಗೆದ್ದದ್ದು ನಿಜವಾಗಿ ಇವರಲ್ಲ, ಇವರ ಸೋದರಮಾವ. ಅವರು ಬಂಟ್ವಾಳದಲ್ಲಿ ಬಡವರಿಗೆ ಪುಕ್ಕಟೆ ಮದ್ದು ಕೊಡುತ್ತಿದ್ದರು, ಜನ ಆ ಮದ್ದಿಗೆ ಓಟು ಹಾಕಿದರು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅರ್ಥವಾಗದ ತಮಿಳಿನ ಮುಂದೆ ಇವರು ನಾಲ್ಕು ವರ್ಷ ಗಂಭೀರವಾಗಿ ಮುಖ ಮಾಡಿಕೊಂಡು ಕೂತರು. ಅದರ ಮೇಲೆ, ಹೊತ್ತು ಮುಳುಗಿದ ಮೇಲೆ ಒಂದು ತೊಟ್ಟು ನೀರೂ ಮುಟ್ಟದ ಜೈನರ ವ್ರತ ಬೇರೆ. ಸಂಜೆ ಐದೂವರೆಯಾದರೆ ಸಭೆ ಎಲ್ಲಿಗೇ ಬಂದಿರಲಿ, ಎದ್ದು ಊಟಕ್ಕೆ ಓಡುತ್ತಿದ್ದರು. ಒಮ್ಮೆ ಯಾರೋ ಪತ್ರಿಕೆಯವನು ಅದನ್ನು ಸಭಾತ್ಯಾಗ ಎಂದು ಬರೆದುಬಿಟ್ಟ. ಮರುದಿನ ಐದೂವರೆಗೆ ಇನ್ನಿಬ್ಬರು ಸದಸ್ಯರು ಇವರ ಹಿಂದೆಯೇ ಎದ್ದು ಹೊರಟರಂತೆ.

ಇದೇ ವ್ರತ ಐವತ್ತೇಳರಲ್ಲಿ ಇವರನ್ನು ಸೋಲಿಸಿತು. ಪ್ರಚಾರದ ಕೊನೆಯ ದಿನ ನರಿಕೊಂಬಿನಲ್ಲಿ ಕಾರು ಕೆಟ್ಟಿತು. ನಮ್ಮ ಡ್ರೈವರ್ ಡೊಂಬಯ್ಯ ಅದರ ಹೊಟ್ಟೆಯೊಳಗೆ ಕೈಹಾಕಿ ಒಂದೂವರೆ ಗಂಟೆ ಕೂತ. ಪಾಣೆಮಂಗಳೂರಿನ ಉಮ್ಮರ್ ಅವರ ಮನೆ ಮುಟ್ಟುವಾಗ ದೀಪ ಹಚ್ಚಿ ಆಗಿತ್ತು. ಉಮ್ಮರ್ ಕೊಬ್ಬರಿ ವ್ಯಾಪಾರಿ. ಇವರೂ ಅವರೂ ಬೋರ್ಡು ಶಾಲೆಯಲ್ಲಿ ಒಂದೇ ಬೆಂಚಿನವರು. ಉಮ್ಮರ್ ತಾಯಿ ಬೀಯಮ್ಮ ತಮ್ಮ ಕೈಯಾರೆ ಶರಬತ್ತು ಮಾಡಿ ತಂದಿಟ್ಟರು. ಇವರು ಕೈಮುಗಿದರು, ನಕ್ಕರು, ಲೋಟವನ್ನು ಮುಟ್ಟಲಿಲ್ಲ, ಎದ್ದು ಬಂದರು.

"ನನಗೆ ವ್ರತ ಉಂಟು ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದು ನಾನು ಆಮೇಲೆ ಕೇಳಿದೆ.

"ಓಟು ಕೇಳಲಿಕ್ಕೆ ಹೋದವ ತನ್ನ ವ್ರತದ ಸಂಗತಿ ಹೇಳುವುದಾ? ಅದು ಜಂಬ ಆಗ್ತದೆ" ಎಂದರು.

ಜಂಬ ಆಗಲಿಲ್ಲ, ಅವಮಾನ ಆಯಿತು. ಎದುರು ಪಕ್ಷದ ಪರವಾಗಿ ಓಡಾಡುತ್ತಿದ್ದ ಪಾರ್ಶ್ವನಾಥರೂ ಜೈನರೇ. ಅವರು ಅದಕ್ಕೂ ಮೊದಲೇ ಅದೇ ಜಗಲಿಯಲ್ಲಿ ರಾತ್ರಿ ಎಂಟು ಗಂಟೆಗೆ ಎರಡೆರಡು ಲೋಟ ಚಾ ಕುಡಿದು ಹೋಗಿದ್ದರು. ಇನ್ನು ಜೈನರು ರಾತ್ರಿ ಏನೂ ಮುಟ್ಟುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಬೆಳಗಾಗುವಷ್ಟರಲ್ಲಿ, ಪಡಿವಾಳರು ಬ್ಯಾರಿ ಮುಸಲ್ಮಾನರ ಮನೆಯ ನೀರು ಮುಟ್ಟುವುದಿಲ್ಲ ಎಂಬ ಸುದ್ದಿ ಹೊಳೆಯ ಸೇತುವೆ ದಾಟಿತ್ತು. ಹಿಂದಿನ ಸಲ ಮುನ್ನೂರು ಓಟು ಬಿದ್ದಿದ್ದ ಪಾಣೆಮಂಗಳೂರಿನ ಮತಗಟ್ಟೆಯಲ್ಲಿ ಇವರ ಪೆಟ್ಟಿಗೆಗೆ ಈ ಸಲ ಒಂಬತ್ತೇ ಒಂಬತ್ತು ಚೀಟಿ. ಒಟ್ಟು ಸೋತದ್ದು ನಲವತ್ತೊಂದು ಓಟಿನಿಂದ.

ಸೋಲು ಇವರಿಗೆ ತಾಗಲಿಲ್ಲ. ತಾಗಿದ್ದು ಬೇರೆ. ಉಮ್ಮರ್ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಬಂಟ್ವಾಳದ ಪೇಟೆಯಲ್ಲಿ ಎದುರು ಸಿಕ್ಕರೆ ಸಲಾಂ ಹೇಳಿ ದಾಟಿಹೋಗುತ್ತಿದ್ದರು. ಐದು ವರ್ಷ ಹೀಗೆ ನಡೆಯಿತು. ಊಟದ ನಡುವೆ ಕೈ ನಿಲ್ಲಿಸಿ ಇವರು, "ಆ ಮುದುಕಿ ಬೇಸರ ಮಾಡಿಕೊಂಡದ್ದು ನ್ಯಾಯವೇ ಅಲ್ಲವಾ?" ಎಂದು ಇದ್ದಕ್ಕಿದ್ದ ಹಾಗೆ ಕೇಳುತ್ತಿದ್ದರು. ಹೋಗಿ ಹೇಳಿ ಬನ್ನಿ ಎಂದರೆ ನಾಚಿಕೆ. ಮದ್ರಾಸಿನಲ್ಲಿ ಮಂತ್ರಿಗಳ ಮುಂದೆ ನಿಂತು ಬಂದ ಮನುಷ್ಯ, ಒಬ್ಬ ಮುದುಕಿಯ ಮುಂದೆ ನಿಲ್ಲಲು ಹೆದರುತ್ತಿದ್ದರು.

ನನ್ನ ಸಂಗತಿಯನ್ನೂ ಹೇಳಿಬಿಡುತ್ತೇನೆ. ನನಗೆ ಆ ಶರಬತ್ತಿಗಿಂತ ಮುನ್ನೂರು ಓಟಿನ ಚಿಂತೆಯೇ ಹೆಚ್ಚು. ಎಂ.ಎಲ್.ಎ. ಹೆಂಡತಿ ಎಂದರೆ ಮೂಡುಬಿದಿರೆಯಲ್ಲಿ ನನ್ನ ಅತ್ತಿಗೆಯರು ಹಾಸಿ ಕೊಡುತ್ತಿದ್ದ ಚಾಪೆಯೇ ಬೇರೆ ಆಗಿತ್ತು.

ಅರವತ್ತೆರಡರ ಫೆಬ್ರುವರಿಯಲ್ಲಿ ಮತ್ತೆ ಚುನಾವಣೆ ಬಂತು. ಈ ಸಲ ಇವರು ಪಂಚಾಂಗ ಹಿಡಿದು ಕೂತರು. ಯಾವ ದಿನ ಎಷ್ಟು ಗಂಟೆಗೆ ಸೂರ್ಯಾಸ್ತ ಎಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರು. ಪ್ರಚಾರ ಶುರುಮಾಡುವುದೇ ಬೀಯಮ್ಮನ ಮನೆಯಿಂದ, ಅದೂ ಹಾಡುಹಗಲು, ನಾಲ್ಕು ಜನರ ಎದುರು ಶರಬತ್ತು ಕೇಳಿ ಕುಡಿಯುವುದು ಎಂದು ತೀರ್ಮಾನವಾಯಿತು. ಹೆಂಗಸರ ಹತ್ತಿರ ಮಾತಾಡಲು ನಾನೂ ಜೊತೆಗೆ ಹೊರಟೆ.

ಪಾಣೆಮಂಗಳೂರು ಮುಟ್ಟುವಾಗ ನಾಲ್ಕೂಮುಕ್ಕಾಲು. ಚಾದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

"ಇದೆಂತ, ಹರತಾಳವಾ? ನಾವು ಬರ್ತೇವೆ ಅಂತ ಎದುರು ಪಕ್ಷದವರು ಮುಚ್ಚಿಸಿದ್ದಾ?" ಎಂದರು ಇವರು.

"ಗೊತ್ತಿಲ್ಲ ಧನಿ" ಎಂದ ಡೊಂಬಯ್ಯ.

ಉಮ್ಮರ್ ಅವರ ಜಗಲಿಯಲ್ಲಿ ಏಳೆಂಟು ಜನ ಸುಮ್ಮನೆ ಕೂತಿದ್ದರು. ಉಮ್ಮರ್ ಎದ್ದು ನಿಂತು ಕುರ್ಚಿ ತೋರಿಸಿದರು, ನಗಲಿಲ್ಲ. ಇವರು ಕೂರಲೂ ಇಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಒಳಗೆ ಕೇಳುವ ಹಾಗೆ ಗಟ್ಟಿಯಾಗಿ ಒಪ್ಪಿಸಿಬಿಟ್ಟರು.

"ಬೀಯಮ್ಮಾ, ಬಾಯಾರಿಕೆ ಆಗ್ತಾ ಉಂಟು! ಕುಡಿಯಲಿಕ್ಕೆ ಎಂತಾದರೂ ಕೊಡಿ!"

ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಒಣಗಿದ ತುಟಿಗಳನ್ನು ಕಂಡ ಮೇಲೆ ನನಗೆ ಹೊಳೆಯಿತು. ಹಿಂದಿನ ಸಂಜೆ ಚಂದ್ರ ಕಂಡಿದ್ದ; ಅದು ರಂಜಾನಿನ ಮೊದಲ ಉಪವಾಸ. ನಮ್ಮವರು ಸೂರ್ಯನ ಲೆಕ್ಕ ಹಾಕುವ ಭರದಲ್ಲಿ ಚಂದ್ರನನ್ನು ಮರೆತೇಬಿಟ್ಟಿದ್ದರು. ನಾನು ಅವರ ಅಂಗಿ ಜಗ್ಗಿದೆ. ಅವರಿಗೂ ಆಗಲೇ ತಿಳಿದುಹೋಗಿತ್ತು. ಮುಖ ಸುಣ್ಣದ ಹಾಗಾಗಿತ್ತು.

ಅಷ್ಟರಲ್ಲಿ ಬೀಯಮ್ಮ ಹೊರಗೆ ಬಂದರು. ಎಪ್ಪತ್ತು ದಾಟಿದ ಜೀವ, ಬೆಳಗಿನಿಂದ ಹನಿ ನೀರಿಲ್ಲ, ಕೈಯಲ್ಲಿ ತುಂಬಿದ ಲೋಟ.

"ತಗೊಳ್ಳಿ" ಎಂದರು. ಮೊದಲಾಗಿದ್ದರೆ ಮಗಾ ಎನ್ನುತ್ತಿದ್ದರು.

ಇವರು ಕೈ ಚಾಚಲಿಲ್ಲ. "ಬೇಡ ಬೀಯಮ್ಮ. ನನಗೆ ನೆನಪಾಗಲಿಲ್ಲ. ನೀವೆಲ್ಲ ಉಪವಾಸ ಇರುವಾಗ ನಾನು ಹೇಗೆ ಕುಡಿಯುವುದು?"

"ಆಗಲೂ ಕುಡಿಯಲಿಲ್ಲ, ಈಗಲೂ ಇಲ್ಲವಾ?" ಎಂದರು ಉಮ್ಮರ್. ಐದು ವರ್ಷದಲ್ಲಿ ಅವರು ಇವರ ಹತ್ತಿರ ಆಡಿದ ಮೊದಲ ಪೂರ್ತಿ ಮಾತು ಅದು.

ಆಗ ನಮ್ಮವರು ಬಾಯಿಬಿಟ್ಟರು. ಹದಿನಾರನೆಯ ವಯಸ್ಸಿನಲ್ಲಿ ಬಸದಿಯಲ್ಲಿ ವ್ರತ ಹಿಡಿದದ್ದು, ಅಂದು ಕಾರು ಕೆಟ್ಟದ್ದು, ಹೇಳಿದರೆ ಜಂಬ ಆದೀತೆಂದು ಸುಮ್ಮನಿದ್ದದ್ದು, ಎಲ್ಲವನ್ನೂ ಶಾಲೆಗೆ ತಡವಾಗಿ ಬಂದವರ ಹಾಗೆ ನಿಂತೇ ಹೇಳಿದರು. ಅದರಲ್ಲಿ ಭಾಷಣದ ಒಂದು ಶಬ್ದವೂ ಇರಲಿಲ್ಲ. ಕೊನೆಗೆ, "ನಿಮ್ಮ ಮನಸ್ಸಿಗೆ ನೋವು ಮಾಡಿದೆ, ಬೀಯಮ್ಮ" ಎಂದರು.

ಬೀಯಮ್ಮ ಲೋಟವನ್ನು ಇವರ ಮುಂದೆ ಇಟ್ಟರು. "ಇಷ್ಟು ಹೇಳಲಿಕ್ಕೆ ಐದು ವರ್ಷವಾ ಮಗಾ? ನನ್ನ ಉಪವಾಸ ನನ್ನದು, ಅದು ನೀನು ಕುಡಿದರೆ ಮುರಿಯುವಂಥದ್ದಲ್ಲ. ನಿನ್ನ ಹೊತ್ತು ಮುಗಿಯುವ ಮೊದಲು ಕುಡಿ."

ಇವರು ಲೋಟ ಎತ್ತಿದರು. ಏಳೆಂಟು ಜನ ಉಪವಾಸದವರು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಒಂದೊಂದು ಗುಟುಕೂ ಗಂಟಲಲ್ಲಿ ಸದ್ದು ಮಾಡಿಕೊಂಡೇ ಇಳಿಯಿತು. ಪೂರ್ತಿ ಮುಗಿಸಿದರು. ಆ ಮುದುಕಿ ಬಗ್ಗಿ ಲೋಟದ ತಳ ನೋಡಿ, ಇನ್ನೊಂದು ತಂದಿಟ್ಟರು. ಅದನ್ನೂ ಕುಡಿಯಬೇಕಾಯಿತು. ಯಾರೋ ಮೊದಲು ನಕ್ಕರು, ಆಮೇಲೆ ಜಗಲಿಗೆ ಜಗಲಿಯೇ ನಕ್ಕಿತು. ಉಮ್ಮರ್ ನಕ್ಕು ನಕ್ಕು, "ಮಾರಾಯ, ಉಪವಾಸದವರ ಮನೆಯಲ್ಲಿ ಶರಬತ್ತು ಕೇಳಿದ ಮೊದಲ ಎಂ.ಎಲ್.ಎ. ನೀನೇ" ಎಂದು ಇವರ ಬೆನ್ನಿಗೆ ಗುದ್ದಿದರು.

ಆಮೇಲೆ ಇಬ್ಬರೂ ಕೂತರು ನೋಡಿ, ಏಳುವ ಹೆಸರೇ ಇಲ್ಲ. ಬೋರ್ಡು ಶಾಲೆಯ ಮಾಸ್ತರರಿಂದ ಹಿಡಿದು ಕೊಬ್ಬರಿಯ ಧಾರಣೆಯವರೆಗೆ ಮಾತು ಹರಿಯಿತು. ಇನ್ನೂ ಮೂರು ಮನೆಗಳಲ್ಲಿ ಜನ ನಮಗಾಗಿ ಕಾಯುತ್ತಿದ್ದರು. ಡೊಂಬಯ್ಯ ಎರಡು ಸಲ ಹಾರ್ನ್ ಹೊಡೆದ, ನಾನು ಬಾಗಿಲ ಮರೆಯಿಂದ ನಾಲ್ಕು ಸಲ ಕೆಮ್ಮಿದೆ. ಮಸೀದಿಯಿಂದ ಬಾಂಗ್ ಕೇಳಿಸಿತು. ಎಲ್ಲರೂ ಖರ್ಜೂರ ಬಾಯಿಗಿಟ್ಟುಕೊಂಡರು. ಪಕ್ಕದ ಮನೆಯ ಅಬ್ದುಲ್ ರವೂಫ್ ತಟ್ಟೆಯನ್ನು ಪ್ರೀತಿಯಿಂದ ಇವರ ಮುಂದೆಯೂ ಹಿಡಿದರು. ಇವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಬೀಯಮ್ಮನ ಸ್ವರ ಬಂತು.

"ರವೂಫ್, ಅವನಿಗೆ ಕೊಡಬೇಡ. ಅವನ ಹೊತ್ತು ಮುಗಿಯಿತು."

ನಮ್ಮವರು ತಲೆ ತಗ್ಗಿಸಿದರು. ಕಣ್ಣು ತುಂಬಿತ್ತು, ನಾನು ನೋಡಿದೆ.

ಅಂಗಳ ದಾಟಿ ಕಾರು ಹತ್ತುವಾಗ ನಾನು ಕೇಳಿದೆ, "ಓಟಿನ ಮಾತು ಆಡಿದಿರಾ?"

"ಯಾವ ಓಟು?" ಎಂದರು.

ನನಗೆ ತಡೆಯಲಾಗಲಿಲ್ಲ. ತಿರುಗಿ ಒಳಗೆ ಹೋಗಿ ಬೀಯಮ್ಮನ ಹತ್ತಿರ ನೇರವಾಗಿಯೇ ಕೇಳಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಇಲ್ಲ ಮಗಳೇ. ಈ ಕೇರಿಯವರು ಮೊನ್ನೆಯೇ ಆಚೆಯವರಿಗೆ ಮಾತು ಕೊಟ್ಟಾಗಿದೆ. ಕೊಟ್ಟ ಮಾತು ತಪ್ಪುವುದು ಹೇಗೆ? ಊಟಕ್ಕೆ ಬನ್ನಿ, ಹಗಲಿಗೆ."

ಮುನ್ನೂರು ಓಟು ಆ ಅಂಗಳದಲ್ಲೇ ಹೋಯಿತು. ಕಾರಿಗೆ ಬಂದು, ಇದ್ದದ್ದನ್ನು ಇದ್ದ ಹಾಗೆ ಇವರಿಗೆ ಹೇಳಿದೆ. ಬೈಯಬೇಕೆಂದು ನಾಲಿಗೆ ತುದಿಗೆ ಬೇಕಾದಷ್ಟು ಮಾತು ಬಂದಿತ್ತು.

"ಅಬ್ಬ, ಒಳ್ಳೆದಾಯಿತು" ಎಂದರು ಇವರು, ಬೆನ್ನನ್ನು ಸೀಟಿಗೆ ಒರಗಿಸಿ.

"ಎಂತದು ಒಳ್ಳೆದಾದದ್ದು?"

"ಕೊಡ್ತೇವೆ ಅಂತ ಹೇಳಿದ್ದರೆ, ನಾನು ಓಟಿಗೋಸ್ಕರ ಕುಡಿದ ಹಾಗೆ ಆಗ್ತಿತ್ತು ರಾಜಮತಿ."

ಡೊಂಬಯ್ಯ ಗಾಡಿ ಬಿಟ್ಟ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.