ಕಚ್ಚಿಕೊಂಡ ನಟ್ಟು

ಅಣ್ಣನ ಬಾಯಿ ವರ್ಕ್‌ಶಾಪಿಗಿಂತ ದೊಡ್ಡದು. ಅಪ್ಪ ತೀರಿಕೊಂಡ ಮೇಲೆ ಬೋರ್ಡಿನಲ್ಲಿ ತನ್ನ ಹೆಸರು ಬರೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಓಡಾಡುವುದನ್ನೇ ಅವನು ರಿಪೇರಿ ಎಂದುಕೊಂಡಿದ್ದ. ಅಪ್ಪನ ಕೈಕೆಳಗೆ ಹನ್ನೆರಡು ವರ್ಷ ದುಡಿದವಳು ತಂಗಿ. ಗಿರಾಕಿಗಳು ಅವಳ ಬಗ್ಗೆ ಕೇಳಿದರೆ, ಒರೆಸೋಕೆ ಗಿರೆಸೋಕೆ ಇರಲಿ ಅಂತ ಇಟ್ಟುಕೊಂಡಿದ್ದೇನೆ ಎನ್ನುತ್ತಿದ್ದ.

ಪಕ್ಕದ ಬೀದಿಯಲ್ಲಿ ಪುಸ್ತಕ ಕಟ್ಟುವ ಬೈಂಡರಮ್ಮನ ಹಳೆಯ ಕಾಗದ ಕತ್ತರಿಸುವ ಯಂತ್ರ ನಿಂತುಹೋಯಿತು. ಒಳಗಿನ ಬೇರಿಂಗ್ ಸವೆದಿತ್ತು. ಅದನ್ನು ತೆಗೆಯಲು ಮೊದಲು ಹೊರಗಿನ ದೊಡ್ಡ ಗಾಲಿ ಕಳಚಬೇಕು. ಗಾಲಿಯನ್ನು ಹಿಡಿದಿದ್ದ ನಟ್ಟು ತುಕ್ಕು ತಿಂದು ಕಚ್ಚಿಕೊಂಡಿತ್ತು. ದೊಡ್ಡ ಕೆಲಸವೆಂದು ಅಣ್ಣ ತಾನೇ ಹೋದ. ಸ್ಪ್ಯಾನರಿಗೆ ಆಳುದ್ದದ ಪೈಪು ಸಿಕ್ಕಿಸಿ ಮಧ್ಯಾಹ್ನದವರೆಗೆ ಜೋತುಬಿದ್ದ. ಆಮೇಲೆ ಸುತ್ತಿಗೆ ಹಿಡಿದ. ನಟ್ಟಿನ ಮೂಲೆಗಳೆಲ್ಲ ಸವೆದು ಉರುಟಾದಾಗ, ಯಂತ್ರದ ಆಯಸ್ಸು ಮುಗಿದಿದೆ, ಗುಜರಿಗೆ ಹಾಕಿ ಎಂದು ದೊಡ್ಡ ಡಾಕ್ಟರನಂತೆ ಹೇಳಿ ಕೈ ತೊಳೆದುಕೊಂಡು ಹೊರಟ.

ಬೈಂಡರಮ್ಮ ಗುಜರಿಯವನನ್ನು ಕರೆಯಲಿಲ್ಲ, ತಂಗಿಯನ್ನು ಕರೆದಳು.

ತಂಗಿ ಬಂದವಳೇ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಳೇ ಜಿಡ್ಡು ಒರೆಸಿದಳು. ಗಾಲಿ ಕೂತಿದ್ದ ಅಚ್ಚಿನ ತುದಿಯಲ್ಲಿ ಥ್ರೆಡ್ಡಿನ ಸುರುಳಿ ಗೀರು ಕಾಣಿಸಿತು. ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು. ಅಷ್ಟು ಹೊತ್ತು ಅಣ್ಣ ಬೆವರು ಸುರಿಸಿ ಎಡಕ್ಕೆ ಎಳೆದೆಳೆದು ಅದನ್ನು ಬಿಗಿ ಮಾಡಿದ್ದ.

"ನೋಡೋಕೂ ಸೋಮಾರಿತನ ಇವನಿಗೆ," ಎಂದಳು ತಂಗಿ.

ಸ್ಪ್ಯಾನರ್ ಕೂರಲು ನಟ್ಟಿನಲ್ಲಿ ಮೂಲೆಯೇ ಉಳಿದಿರಲಿಲ್ಲ. ಅಚ್ಚಿಗೆ ತಾಗದಂತೆ ನಟ್ಟಿನ ದಪ್ಪದಲ್ಲಿ ಸಾಲಾಗಿ ತೂತು ಕೊರೆದಳು. ಅವಸರ ಮಾಡಿದ್ದರೆ ಅಚ್ಚೂ ಹೋಗುತ್ತಿತ್ತು. ಕೊನೆಗೆ ಉಳಿಯಿಟ್ಟು ಒಂದೇ ಏಟು ಕೊಟ್ಟಳು. ನಟ್ಟು ಕಡಲೆಕಾಯಿ ಸಿಪ್ಪೆಯಂತೆ ಬಿರಿಯಿತು. ಮಾರನೆಯ ದಿನ ಗಾಲಿ ಕಳಚಿ ಬೇರಿಂಗ್ ಬದಲಿಸಿದಳು, ವರ್ಕ್‌ಶಾಪಿನಲ್ಲಿದ್ದ ತನ್ನ ಲೇತ್‌ನಲ್ಲಿ ಹೊಸ ನಟ್ಟು ಕಡೆದಳು.

ಮೂರನೆಯ ದಿನ ಅಣ್ಣ ಪ್ರತ್ಯಕ್ಷನಾದ. ಬೈಂಡರಮ್ಮನ ಅಂಗಡಿಯಲ್ಲಿದ್ದವರಿಗೆಲ್ಲ, ಅವತ್ತೇ ಅರ್ಧ ಸಡಿಲ ಮಾಡಿಟ್ಟು ಹೋಗಿದ್ದೆ ಎಂದು ಸಾರತೊಡಗಿದ.

"ಹಾಗಾದ್ರೆ ಹೊಸ ನಟ್ಟೂ ನೀನೇ ಹಾಕಣ್ಣ," ಎಂದು ತಂಗಿ ಅದನ್ನು ಅವನ ಕೈಗಿಟ್ಟಳು.

ಅವನು ಬಲಕ್ಕೆ ತಿರುಗಿಸಿದ. ಹಿಡಿಯಲಿಲ್ಲ. ಒತ್ತಿ ಬಲಕ್ಕೇ ತಿರುಗಿಸಿದ. ಕಿವಿ ಕೆಂಪಾಯಿತು. ಥ್ರೆಡ್ ಕಡೆಯೋಕೂ ಬರಲ್ಲ ನಿನಗೆ ಎಂದು ಗೊಣಗಿದ. ಬೈಂಡರಮ್ಮ ಎದ್ದು ಬಂದು, ಅವನ ಕೈಯಿಂದ ನಟ್ಟು ತೆಗೆದುಕೊಂಡು ಎಡಕ್ಕೆ ತಿರುಗಿಸಿದಳು. ಬೆಣ್ಣೆಯಲ್ಲಿ ಹೋದಂತೆ ಹೋಯಿತು.

"ಎರಡು ದಿನ ಪಕ್ಕದಲ್ಲಿ ಕೂತು ನೋಡಿದೆ," ಎಂದಳು. "ನಂಗೂ ಬಂತು."

ಬಾರದ ಫೋನನ್ನು ಕಿವಿಗಿಟ್ಟುಕೊಂಡು ಅಣ್ಣ ಹೊರಗೆ ನಡೆದ.

ಮುಂದಿನ ವಾರ ತಂಗಿ ತನ್ನ ಲೇತನ್ನು ಬೈಂಡರಮ್ಮನ ಅಂಗಡಿಯ ಹಿಂದಿನ ಕೋಣೆಗೆ ಸಾಗಿಸಿ ಅಲ್ಲೇ ರಿಪೇರಿ ಶುರುಮಾಡಿದಳು. ಅಣ್ಣನ ಮರ್ಯಾದೆ ಕಳೆದೆ ಎಂದು ಅಮ್ಮ ಮೂರು ತಿಂಗಳು ಅವಳೊಂದಿಗೆ ಮಾತು ಬಿಟ್ಟಳು. ಆ ನೋವು ಅವಳನ್ನು ಕೊರೆಯಿತು. ಅಣ್ಣನ ವಿಷಯದಲ್ಲಿ ಮಾತ್ರ ಏನೂ ಅನ್ನಿಸಲಿಲ್ಲ. ಅವನು ಕೈಯಾಡಿಸಿ ಕೆಡಿಸಿದ ಯಂತ್ರಗಳು ವಾರಕ್ಕೊಂದರಂತೆ ಅವಳ ಬಾಗಿಲಿಗೆ ಬರತೊಡಗಿದವು.